ಖಾನಾವಳಿಯ ಅಳತೆಗೋಲಿನಲ್ಲಿ ಇಟಲಿಯ ತಟ್ಟೆ

ದಾಂಡೇಲಿಯಿಂದ ಅಂಬಿಕಾನಗರದ ಕಡೆಗೆ ಸಾಗುವ ರಸ್ತೆಯಲ್ಲಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಹಸಿರಿನ ನಡುವೆ ಕುಳಗಿ ಎಂಬ ಪುಟ್ಟ ಊರಿದೆ. ಅರಣ್ಯ ಇಲಾಖೆಯ ನಿಸರ್ಗ ಶಿಬಿರದ ದೆಸೆಯಿಂದ ಈ ಊರಿನ ಹೆಸರು ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು, ಗೋವೆಗಳವರೆಗೂ ಪರಿಚಿತವಾಗಿದೆ. ಪ್ರವಾಸಿಗರು ಬಂದ ದಾರಿಯಲ್ಲಿಯೇ ಅವರ ನಾಲಗೆಯ ರುಚಿಯೂ ಬರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯದೇ ಆದ ಗೋಕರ್ಣದಲ್ಲಿ, ಕಡಲತೀರದ ಚಿಕ್ಕ ಉಪಾಹಾರಗೃಹಗಳು ವಿದೇಶೀ ಯಾತ್ರಿಕರಿಗಾಗಿ ಪಿಜ್ಜಾ, ಪಾಸ್ತಾಗಳನ್ನು ಬಹುಕಾಲದಿಂದ ಬಡಿಸುತ್ತ ಬಂದಿವೆ. ಇಂದು ಆ ತಿನಿಸುಗಳು ಯಾತ್ರಿಕರ ಪಾಲಿಗಷ್ಟೇ ಉಳಿದಿಲ್ಲ. ಕುಳಗಿ, ಜೋಯಿಡಾ, ಹಳಿಯಾಳ, ಮುಂಡಗೋಡಗಳ ಕುಟುಂಬಗಳು ಮಕ್ಕಳ ಓದಿಗೆಂದೋ, ಆಸ್ಪತ್ರೆಗೆಂದೋ, ಮದುವೆಯ ಜವಳಿಗೆಂದೋ ಹುಬ್ಬಳ್ಳಿ–ಧಾರವಾಡಗಳಿಗೆ ಹೋದಾಗ, ಮಕ್ಕಳು ಕೈಹಿಡಿದು ಎಳೆಯುವುದು ಇಂಥ ಅಂಗಡಿಗಳ ಕಡೆಗೇ.

ಮಕ್ಕಳನ್ನು ಗದರಿಸಿ ಕರೆತರುವುದು ಈ ಲೇಖನದ ಉದ್ದೇಶವಲ್ಲ. ನಿಷೇಧಿಸಿದ ತಿನಿಸಿನ ಮೇಲೆ ಆಸೆ ಇಮ್ಮಡಿಯಾಗುತ್ತದೆ ಎಂಬುದು ತಾಯಂದಿರೆಲ್ಲರಿಗೂ ತಿಳಿದ ಸಂಗತಿ. ಆದರೆ ತಿನ್ನುವ ಮುನ್ನ ತಿಳಿದು ತಿನ್ನುವುದು ಲೇಸು. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನವು ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದೂ, ಇನ್ನೂ 13.6 ಕೋಟಿ ಜನ ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದಾರೆಂದೂ ಅಂದಾಜಿಸಿದೆ. ಆ ಹೊಸ್ತಿಲನ್ನು ದಾಟುವುದೂ ಹಿಂದಿರುಗುವುದೂ ಬಹುಮಟ್ಟಿಗೆ ದಿನನಿತ್ಯದ ತಟ್ಟೆಯ ಮೇಲೆ ನಿಂತಿದೆ. ಆದ್ದರಿಂದ ಇಟಲಿಯ ಊಟವನ್ನು ನಮಗೆ ಚೆನ್ನಾಗಿ ಗೊತ್ತಿರುವ ಒಂದು ಅಳತೆಗೋಲಿನಿಂದ ಅಳೆದು ನೋಡೋಣ. ಆ ಅಳತೆಗೋಲು ನಮ್ಮ ಖಾನಾವಳಿ.

ಇಟಲಿಯಲ್ಲಿಯೂ ಖಾನಾವಳಿಗಳುಂಟು

ಇಟಲಿಯಲ್ಲಿ ಊಟದ ಮನೆಗಳಿಗೆ ಹಲವು ಹೆಸರುಗಳು. ಆಡಂಬರದ ಭೋಜನಶಾಲೆ ‘ರಿಸ್ತೊರಾಂತೆ’. ಬೀದಿಯ ಮೂಲೆಯಲ್ಲಿ ಒಂದು ಕುಟುಂಬವೇ ನಡೆಸುವ ಸರಳ ಊಟದ ಮನೆ ‘ಟ್ರಟ್ಟೋರಿಯ’. ಪಿಜ್ಜಾ ಬೇಯಿಸುವ ಒಲೆಯಿರುವ ಅಂಗಡಿ ‘ಪಿಟ್ಸೇರಿಯ’. ಟ್ರಟ್ಟೋರಿಯ ಎಂಬುದು ನಮ್ಮ ಖಾನಾವಳಿಯ ದೂರದ ಬಂಧು. ಆ ದಿನ ಸಂತೆಗೆ ಬಂದ ತರಕಾರಿ, ಆ ಸೀಮೆಯ ಧಾನ್ಯ, ಮನೆಯವರ ಕೈರುಚಿ, ಹೆಚ್ಚಿನ ಆಯ್ಕೆಯಿಲ್ಲದ ಊಟ ಇವೇ ಅದರ ಲಕ್ಷಣಗಳು.

ಅಲ್ಲಿನ ಊಟಕ್ಕೊಂದು ಕ್ರಮವಿದೆ. ಮೊದಲು ಬರುವುದು ಪಾಸ್ತಾ, ಅನ್ನ ಅಥವಾ ಸಾರಿನಂಥ ಸೂಪು. ಇದಕ್ಕೆ ‘ಪ್ರೀಮೊ’, ಅಂದರೆ ಮೊದಲನೆಯದು, ಎಂದು ಹೆಸರು. ಅದು ತಟ್ಟೆಯ ತುಂಬ ಬರುವುದಿಲ್ಲ. ಇಟಲಿಯ ಆಹಾರತಜ್ಞರು ಒಬ್ಬರಿಗೆ ಹೇಳುವ ಪ್ರಮಾಣ ಬೇಯಿಸುವ ಮುನ್ನ ತೂಗಿದ 80 ಗ್ರಾಂ ಒಣ ಪಾಸ್ತಾ ಮಾತ್ರ. ಎರಡನೆಯದು ಮೀನು, ಮಾಂಸ, ಮೊಟ್ಟೆ ಅಥವಾ ಕಾಳಿನ ಖಾದ್ಯ. ಅದರ ಮಗ್ಗುಲಿಗೆ ಬೇಯಿಸಿದ ಅಥವಾ ಹಸಿಯಾದ ತರಕಾರಿ. ಕೊನೆಗೆ ಬಹುತೇಕ ಒಂದು ಹಣ್ಣು. ಈ ಕ್ರಮದಲ್ಲಿ ಪಾಸ್ತಾ ಊಟದ ಒಂದು ಭಾಗವಷ್ಟೇ, ಇಡೀ ಊಟವಲ್ಲ.

ಅಮೆರಿಕದ ಶರೀರವಿಜ್ಞಾನಿ ಆನ್ಸೆಲ್ ಕೀಸ್ ಅವರು 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನದಲ್ಲಿ ಇಟಲಿಯ ಗ್ರಾಮೀಣ ಜನರೂ ಸೇರಿದ್ದರು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಹಳ್ಳಿಗಳ ಆಹಾರ ಹೃದಯಕ್ಕೆ ಹಿತವೆಂಬ ಮಾತು ಲೋಕದಲ್ಲಿ ಹಬ್ಬಿದ್ದು ಬಹುಮಟ್ಟಿಗೆ ಅಲ್ಲಿಂದಲೇ. 2010ರಲ್ಲಿ ಯುನೆಸ್ಕೊ ಆ ಆಹಾರ ಪದ್ಧತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಅಂದಿನ ಆ ಹಳ್ಳಿಗರು ತಿಂದದ್ದೇನು? ಧಾನ್ಯ, ಅವರೆಯಂಥ ಕಾಳುಗಳು, ಸೊಪ್ಪು, ತರಕಾರಿ, ಆಲಿವ್ ಎಣ್ಣೆ, ಹಣ್ಣು. ಚೀಸ್ ಅಲ್ಪ, ಮಾಂಸ ಅಪರೂಪ. ತಿಂದದ್ದು ಎಷ್ಟು ಮುಖ್ಯವೋ ದಿನವಿಡೀ ಹೊಲದಲ್ಲಿ ದುಡಿದದ್ದೂ ಅಷ್ಟೇ ಮುಖ್ಯ. ಕಾಯಕದಿಂದ ಬೇರ್ಪಟ್ಟ ಆಹಾರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದರೆ ಆರೋಗ್ಯ ಬರಲಾರದು.

ಈಗ ಹುಬ್ಬಳ್ಳಿ–ಧಾರವಾಡಗಳ ‘ಲಿಂಗಾಯತ ಖಾನಾವಳಿ’ ಎಂಬ ಫಲಕದಡಿಯ ಊಟವನ್ನು ಪಕ್ಕದಲ್ಲಿಟ್ಟು ನೋಡೋಣ. ಜೋಳದ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಮೊಳಕೆ ಕಾಳಿನ ಪಲ್ಯ, ಜುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯದ ಎಳೆಸೊಪ್ಪು, ಮೊಸರು, ಕೊನೆಗೆ ಸ್ವಲ್ಪ ಅನ್ನ–ಸಾರು. ಧಾನ್ಯ, ಕಾಳು, ಬೇಯಿಸಿದ ತರಕಾರಿ, ಹಸಿ ತರಕಾರಿ, ಎಣ್ಣೆಕಾಳು, ಹಾಲಿನ ಪದಾರ್ಥ: ಆರೂ ಅಲ್ಲಿವೆ. ಹೆಸರು ಬೇರೆ, ರುಚಿ ಬೇರೆ. ಊಟದ ಕಟ್ಟು ಮಾತ್ರ ಎರಡೂ ನಾಡುಗಳಲ್ಲಿ ಒಂದೇ.

ನಮ್ಮ ಪೇಟೆಗೆ ಬಂದದ್ದು ಅರ್ಧ ಊಟ

ಕಡಲು ದಾಟಿ ಬರುವಾಗ ಈ ಊಟದ ಹೆಚ್ಚಿನ ಭಾಗ ಅಲ್ಲಿಯೇ ಉಳಿದುಬಿಟ್ಟಿತು. ನಮ್ಮ ಬಡಾವಣೆಯ ಅಂಗಡಿಗಳಿಗೆ ಬಂದು ತಲುಪಿದ್ದು ಮುಖ್ಯವಾಗಿ ಮೂರು: ಮೈದಾ, ಚೀಸ್, ಸಾಸ್. ತರಕಾರಿ ಅಲಂಕಾರಕ್ಕೆ ಇಳಿಯಿತು, ಕಾಳು ಕಾಣೆಯಾಯಿತು, ಹಣ್ಣಿನ ಸ್ಥಾನದಲ್ಲಿ ಸಿಹಿ ತಂಪುಪಾನೀಯ ಬಂದು ಕುಳಿತಿತು.

ಸಸ್ಯಾಹಾರಿಗಳಾದ ನಮಗೆ ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಇಟಲಿಯವರು ಎರಡನೆಯ ಖಾದ್ಯದಿಂದ ಪಡೆಯುವ ಪ್ರೋಟೀನನ್ನು ನಾವು ಕಾಳಿನಿಂದ ಪಡೆಯಬೇಕು. ಮೊದಲನೆಯ ಖಾದ್ಯವನ್ನಷ್ಟೇ ತರಿಸಿಕೊಂಡು, ಅದನ್ನೇ ದೊಡ್ಡ ತಟ್ಟೆಯಲ್ಲಿ ತಿಂದು ಎದ್ದರೆ ಹೊಟ್ಟೆ ತುಂಬಿರುತ್ತದೆ, ಊಟ ಮಾತ್ರ ಅರ್ಧಕ್ಕೆ ನಿಂತಿರುತ್ತದೆ. ಖಾನಾವಳಿಯಲ್ಲಿ ರೊಟ್ಟಿಯನ್ನು ಮಾತ್ರ ತಿಂದು, ಪಲ್ಯ, ಕಾಳು, ಮೊಸರುಗಳನ್ನು ಬಿಟ್ಟು ಬಂದರೆ ಹೇಗೋ ಹಾಗೆ.

ಒಂದೇ ಧಾನ್ಯದ ಊಟ ಏನು ಮಾಡಬಲ್ಲದು ಎಂಬುದಕ್ಕೆ ಎರಡೂ ನಾಡುಗಳಲ್ಲಿ ಕಹಿಯಾದ ಸಾಕ್ಷ್ಯಗಳುಂಟು. 18 ಮತ್ತು 19ನೆಯ ಶತಮಾನಗಳಲ್ಲಿ ಉತ್ತರ ಇಟಲಿಯ ಬಡ ರೈತರು ಗೋವಿನಜೋಳದ ಗಂಜಿಯಾದ ‘ಪೊಲೆಂಟಾ’ವನ್ನೇ ಹೊತ್ತುಹೊತ್ತಿಗೂ ಉಂಡು ಪೆಲ್ಲಾಗ್ರಾ ರೋಗಕ್ಕೆ ತುತ್ತಾದರು. ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮೆ ಇವು ಆ ರೋಗದ ಲಕ್ಷಣಗಳು. ನಯಾಸಿನ್ ಎಂಬ ಜೀವಸತ್ವದ ಕೊರತೆ ಅದರ ಮೂಲ. ಮುಂದೆ ನಮ್ಮ ದಕ್ಖನ್ನಿನಲ್ಲಿ ಜೋಳವನ್ನೇ ನೆಚ್ಚಿ ಬದುಕಿದ ಬಡವರಲ್ಲಿಯೂ ಇದೇ ರೋಗವನ್ನು ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಗುರುತಿಸಿ ಅಧ್ಯಯನ ಮಾಡಿದರು. ಗೋವಿನಜೋಳವಾಗಲಿ ಜೋಳವಾಗಲಿ ಕೆಟ್ಟ ಧಾನ್ಯವಲ್ಲ. ಅದರ ಪಕ್ಕದಲ್ಲಿ ಕಾಳು, ಸೊಪ್ಪು, ಶೇಂಗಾ, ಹಾಲು ಇಲ್ಲದಿದ್ದುದೇ ಕೇಡಿಗೆ ಕಾರಣ. ಇಂದು ಪೇಟೆಯ ಅಂಗಡಿಯಲ್ಲಿ ಕುಳಿತವನಿಗೆ ಪೆಲ್ಲಾಗ್ರಾ ಬರಲಿಕ್ಕಿಲ್ಲ. ಆದರೆ ಒಂಟಿ ಧಾನ್ಯದ ತಟ್ಟೆ ಒಳ್ಳೆಯದಲ್ಲ ಎಂಬ ಪಾಠ ಇಂದಿಗೂ ಹಳತಾಗಿಲ್ಲ.

ಗೋಧಿಯಲ್ಲಿಯೂ ಭೇದವುಂಟು

ಪಾಸ್ತಾ ಎಂದರೆ ಮೈದಾ ಎಂದು ಹಲವರು ತಿಳಿದಿದ್ದಾರೆ. ಮೂಲದಲ್ಲಿ ಹಾಗಿಲ್ಲ. ಇಟಲಿಯಲ್ಲಿ 1967ರ ಕಾನೂನಿನ ಪ್ರಕಾರ ಒಣ ಪಾಸ್ತಾವನ್ನು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕು. ಈ ಗೋಧಿ ನಮಗೆ ಅಪರಿಚಿತವಲ್ಲ. ನಮ್ಮ ಮನೆಗಳ ಉಪ್ಪಿಟ್ಟಿಗೆ ಬರುವ ಬನ್ಸಿ ರವೆ ಇದೇ ಜಾತಿಯ ಗೋಧಿಯದು. ಧಾರವಾಡ, ವಿಜಯಪುರ ಸೀಮೆಯ ಕರಿಮಣ್ಣಿನಲ್ಲಿ ಮಳೆಯಾಶ್ರಯದಲ್ಲಿ ಬೆಳೆಯುತ್ತ ಬಂದ ಗೋಧಿ ಇದು. ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಹೊಸೆದು, ಬಿಸಿಲಿಗೆ ಒಣಗಿಸುತ್ತಿದ್ದ ಶಾವಿಗೆ ಪಾಸ್ತಾದ ಸಹೋದರಿಯೇ ಸರಿ.

ಇನ್ನೊಂದು ಗೋಧಿಯ ನಂಟು ಇದಕ್ಕಿಂತಲೂ ಹಳೆಯದು. ಇಟಲಿಯಲ್ಲಿ ‘ಫಾರೋ’ ಎಂದು ಕರೆದು ಸೂಪಿಗೆ ಹಾಕುವ ಸಿಪ್ಪೆಗೂಡಿದ ಪ್ರಾಚೀನ ಗೋಧಿಯ ಮುಖ್ಯ ಬಗೆಯು, ನಮ್ಮ ಉತ್ತರ ಕರ್ನಾಟಕದಲ್ಲಿ ಜವೆ ಗೋಧಿ ಅಥವಾ ಸದಕ ಎಂದು ಕರೆಯುವ ಗೋಧಿಯೇ ಆಗಿದೆ. ಮಹಾರಾಷ್ಟ್ರದಲ್ಲಿ ಅದಕ್ಕೆ ಖಪ್ಲಿ ಎನ್ನುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಗೋಧಿಯಲ್ಲಿ ಡಿಡಿಕೆ 1025, ಡಿಡಿಕೆ 1029 ಮುಂತಾದ ಸುಧಾರಿತ ತಳಿಗಳನ್ನು ರೈತರಿಗೆ ಕೊಟ್ಟಿದೆ. ಪಟ್ಟಣದ ಅಂಗಡಿಯಲ್ಲಿ ವಿದೇಶೀ ಹೆಸರಿನಲ್ಲಿ ದುಬಾರಿಯಾಗಿ ಮಾರುವ ಪದಾರ್ಥ ನಮ್ಮ ಹುಗ್ಗಿಯ ಪಾತ್ರೆಯಲ್ಲಿ ಅಜ್ಜಿಯ ಕಾಲದಿಂದಲೂ ಇದೆ.

ಗಟ್ಟಿ ಗೋಧಿಯ ಪಾಸ್ತಾಕ್ಕೆ ಒಂದು ಗುಣವಿದೆ. ರವೆಯ ಹಿಟ್ಟನ್ನು ಒತ್ತಿ ತೆಗೆಯುವಾಗ ಪಿಷ್ಟದ ಕಣಗಳು ಗ್ಲುಟೆನ್ ಎಂಬ ಪ್ರೋಟೀನಿನ ಬಲೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ. ರಕ್ತದಲ್ಲಿ ಸಕ್ಕರೆಯೂ ನಿಧಾನವಾಗಿ ಏರುತ್ತದೆ. ಗ್ಲೂಕೋಸನ್ನು 100 ಎಂದು ಹಿಡಿದು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕದಲ್ಲಿ ಬಿಳಿ ಬ್ರೆಡ್ಡಿನ ಅಂಕ 70ರಿಂದ 75ರಷ್ಟಿದ್ದರೆ, ಇಂಥ ಪಾಸ್ತಾದ್ದು 50ರ ಆಸುಪಾಸು. ಆದರೆ ಇದಕ್ಕೆ ಎರಡು ಷರತ್ತುಗಳಿವೆ. ಮೊದಲನೆಯದು, ಪಾಸ್ತಾ ಹದವಾಗಿ ಬೆಂದಿರಬೇಕು. ಇಟಲಿಯವರು ‘ಅಲ್ ದೆಂತೆ’ ಎನ್ನುವ ಹದ ಅದು. ಹಲ್ಲಿಗೆ ತುಸು ಗಟ್ಟಿಯಾಗಿ ಸಿಗಬೇಕೆಂದು ಅರ್ಥ. ಮುದ್ದೆಯಾಗುವಂತೆ ಬೇಯಿಸಿದರೆ ಆ ಗುಣ ಕುಗ್ಗುತ್ತದೆ. ಎರಡನೆಯದು, ಪ್ರಮಾಣ. 100 ಗ್ರಾಂ ಒಣ ಪಾಸ್ತಾದಲ್ಲಿ ಸುಮಾರು 350 ಕ್ಯಾಲೊರಿ ಶಕ್ತಿಯಿದೆ. ಇಮ್ಮಡಿ ತಿಂದವನಿಗೆ ಇಮ್ಮಡಿ ಲೆಕ್ಕ.

ಪಿಜ್ಜಾದ ಮಾತು ಬೇರೆ. ಇಟಲಿಯ ನೇಪಲ್ಸ್ ನಗರದ ಸಾಂಪ್ರದಾಯಿಕ ಪಿಜ್ಜಾದ ಕಣಕದಲ್ಲಿ ಹಿಟ್ಟು, ನೀರು, ಉಪ್ಪು, ಹುದುಗು ಇವು ನಾಲ್ಕೇ ಪದಾರ್ಥಗಳು. ನಮ್ಮ ದೋಸೆಯ ಹಿಟ್ಟಿನಂತೆ ಅದು ಹಲವು ತಾಸು ಹುದುಗಬೇಕು. ರೊಟ್ಟಿ ತೆಳ್ಳಗೆ, ಮೇಲೆ ಟೊಮೆಟೊ, ತುಸು ಚೀಸ್, ನಾಲ್ಕು ಎಲೆ. ದಪ್ಪನೆಯ ಬ್ರೆಡ್ಡಿನ ಮೇಲೆ ಚೀಸಿನ ಹೊದಿಕೆ, ಅಂಚಿನೊಳಗೂ ಚೀಸಿನ ಹೂರಣ ತುಂಬಿದ್ದು ಅದರ ಸಂತತಿಯೇ ಆದರೂ ಅದರ ಸ್ವಭಾವದ್ದಲ್ಲ.

ಉಪ್ಪು, ಕೊಬ್ಬು, ಸಕ್ಕರೆಯ ಲೆಕ್ಕ

ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಒಂದು ಚಹಾ ಚಮಚದ ಅಳತೆ. ಪೊಟ್ಟಣಗಳ ಮೇಲೆ ಉಪ್ಪಿನ ಬದಲು ಸೋಡಿಯಂ ಎಂದು ಬರೆದಿರುತ್ತಾರೆ. ಸೋಡಿಯಂನ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಒಂದು ಸಂಸ್ಕರಿತ ಚೀಸಿನ ಡಬ್ಬಿಯ ಮೇಲೆ 100 ಗ್ರಾಂಗೆ 1300 ಮಿಲಿಗ್ರಾಂ ಸೋಡಿಯಂ ಎಂದಿದೆಯೆನ್ನೋಣ. ಒಬ್ಬರು 40 ಗ್ರಾಂ ತಿಂದರೆ 520 ಮಿಲಿಗ್ರಾಂ ಸೋಡಿಯಂ, ಅಂದರೆ 1.3 ಗ್ರಾಂ ಉಪ್ಪು ದೇಹ ಸೇರಿತು. ಇಡೀ ದಿನದ ಪಾಲಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಚೀಸಿನಿಂದಲೇ ಮುಗಿಯಿತು. ರೊಟ್ಟಿಯೊಳಗಿನ ಉಪ್ಪು, ಸಾಸಿನ ಉಪ್ಪು, ಪಾಸ್ತಾ ಬೇಯಿಸಿದ ನೀರಿನ ಉಪ್ಪು, ಆಲಿವ್ ಕಾಯಿಯ ಉಪ್ಪಿನಕಾಯಿ ಇನ್ನೂ ಬಾಕಿ ಇವೆ. ಮೇಲೆ ಉದುರಿಸಿಕೊಳ್ಳಲು ಕೊಡುವ ಒರೆಗಾನೊ ಪುಡಿಯ ಪೊಟ್ಟಣದಲ್ಲಿಯೂ ಬಹಳ ಸಲ ಉಪ್ಪು ಬೆರೆತಿರುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಖಾನಾವಳಿಯ ಉಪ್ಪಿನಕಾಯಿ, ಹಪ್ಪಳ, ಹಿಂಡಿಗಳೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರವು. ರಕ್ತದೊತ್ತಡ ಇರುವವರು ಎರಡೂ ಕಡೆ ಕೈ ಹಿಡಿಯಬೇಕು.

ಕೊಬ್ಬಿನ ವಿಷಯದಲ್ಲಿ ಆಲಿವ್ ಎಣ್ಣೆಗೆ ಒಳ್ಳೆಯ ಹೆಸರಿದೆ. ಸ್ಪೇನ್ ದೇಶದಲ್ಲಿ 7000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರೆಡಿಮೆಡ್ ಎಂಬ ಅಧ್ಯಯನದಲ್ಲಿ, ಆಲಿವ್ ಎಣ್ಣೆ ಅಥವಾ ಬಾದಾಮಿ, ಅಕ್ರೋಟದಂಥ ಬೀಜಗಳನ್ನು ಒಳಗೊಂಡ ಮೆಡಿಟರೇನಿಯನ್ ಆಹಾರ ಉಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳ ಒಟ್ಟು ಪ್ರಮಾಣ ಕಡಿಮೆಯಿತ್ತು. ಆದರೆ ಅಂಗಡಿಯ ತಟ್ಟೆಯಲ್ಲಿ ಹೆಚ್ಚಾಗಿ ಇರುವುದು ಬೆಣ್ಣೆ, ಕೆನೆ, ಚೀಸ್. ಇವುಗಳ ಕೊಬ್ಬು ಬೇರೆ ಬಗೆಯದು. ಬಿಳಿ ಸಾಸ್ ಎಂಬುದು ಮೈದಾ, ಬೆಣ್ಣೆ, ಹಾಲುಗಳ ಪಾಕ. ಕೆಂಪು ಸಾಸ್ ಟೊಮೆಟೊದ್ದು. ಆಯ್ಕೆಯ ಪ್ರಶ್ನೆ ಬಂದಾಗ ಕೆಂಪು ಲೇಸು. ಆಲಿವ್ ಎಣ್ಣೆಯ ದುಬಾರಿ ಶೀಸೆಯನ್ನು ಮನೆಗೆ ತರಲೇಬೇಕೆಂದೇನೂ ಇಲ್ಲ. ನಮ್ಮ ಸೀಮೆಯ ಶೇಂಗಾ ಎಣ್ಣೆ, ಕುಸುಬಿ ಎಣ್ಣೆಗಳಲ್ಲಿಯೂ ಅಪರ್ಯಾಪ್ತ ಕೊಬ್ಬೇ ಹೆಚ್ಚು. ಅಳತೆ ಮೀರಬಾರದು, ಅಷ್ಟೇ.

ಕೆಲವೆಡೆ ಚೀಸಿನ ಬದಲು ತಾಳೆಎಣ್ಣೆ, ಪಿಷ್ಟಗಳಿಂದ ಮಾಡಿದ, ಚೀಸಿನಂತೆಯೇ ಕರಗುವ ಪದಾರ್ಥವನ್ನು ಬಳಸುವುದುಂಟು. ಅದನ್ನು ಚೀಸ್ ಎಂಬ ಹೆಸರಿನಿಂದ ಮಾರಲು ಆಹಾರ ಸುರಕ್ಷತಾ ನಿಯಮಗಳು ಒಪ್ಪುವುದಿಲ್ಲ. ಬೆಲೆ ಅತಿ ಕಡಿಮೆ, ಚೀಸ್ ಅತಿ ಧಾರಾಳ ಎಂಬಲ್ಲಿ ಇದು ಯಾವ ಚೀಸ್ ಎಂದು ಕೇಳುವ ಹಕ್ಕು ಗಿರಾಕಿಗಿದೆ. ವನಸ್ಪತಿಯಂಥ ಕೊಬ್ಬುಗಳಲ್ಲಿ ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬು ಶೇಕಡ 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ.

ಇನ್ನು ಸಕ್ಕರೆ. 300 ಮಿಲಿಲೀಟರಿನ ಒಂದು ಸಾಮಾನ್ಯ ಕೋಲಾದಲ್ಲಿ 30 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ. ದಿನವೊಂದಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂನೊಳಗಿದ್ದರೆ ಇನ್ನೂ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ತಾತ್ಪರ್ಯ. ಊಟದ ಜೊತೆ ನೀರು ಅಥವಾ ಮಜ್ಜಿಗೆ ಎಂಬ ಒಂದೇ ಬದಲಾವಣೆಯಿಂದ ಇಡೀ ಭೇಟಿಯ ದೊಡ್ಡ ಕೇಡೊಂದು ತಪ್ಪುತ್ತದೆ.

ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆಗಳು

ಮಾಂಸದ ತುಂಡು ಕಾಣದ ತಟ್ಟೆಯೆಲ್ಲವೂ ಸಸ್ಯಾಹಾರವೆಂದು ಭಾವಿಸುವುದು ಇಟಲಿಯ ಅಡುಗೆಯಲ್ಲಿ ಸಲ್ಲದು. ಹಾಲನ್ನು ಒಡೆಸಿ ಚೀಸ್ ಮಾಡಲು ರೆನೆಟ್ ಎಂಬ ಕಿಣ್ವ ಬೇಕು. ಹಳೆಯ ಪದ್ಧತಿಯಲ್ಲಿ ಇದನ್ನು ಹಾಲುಕುಡಿಯುವ ಕರುವಿನ ಜಠರದಿಂದ ತೆಗೆಯುತ್ತಾರೆ. ಅದಕ್ಕಾಗಿ ಕರು ಬದುಕಿರುವುದಿಲ್ಲ. ಇಟಲಿಯ ಪ್ರಸಿದ್ಧ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಇಂದಿಗೂ ಕರುವಿನ ರೆನೆಟ್‌ನಿಂದಲೇ ಮಾಡಬೇಕೆಂಬುದು ಅದರ ನಿಯಮ. ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸಿದ ಚೀಸ್‌ಗಳೂ ಬೇಕಾದಷ್ಟು ಇವೆ. ನಮ್ಮ ದೇಶದಲ್ಲಿ ತಯಾರಾಗಿ ಹಸಿರು ಚುಕ್ಕೆ ಹೊತ್ತ ಚೀಸ್‌ಗಳು ಈ ಬಗೆಯವು. ಮೇಲೆ ತುರಿದು ಹಾಕುವ ಗಟ್ಟಿ ಚೀಸ್ ಯಾವುದು, ಅದರ ಪೊಟ್ಟಣದಲ್ಲಿ ಹಸಿರು ಚುಕ್ಕೆ ಇದೆಯೇ ಎಂದು ಕೇಳಿದರೆ ಅನುಮಾನ ಬಗೆಹರಿಯುತ್ತದೆ. ಮಾಂಸಾಹಾರದ ಗುರುತು ಚೌಕದೊಳಗಿನ ಕಂದು ತ್ರಿಕೋನ.

ಕೇಳಬೇಕಾದ ಇತರ ಸಂಗತಿಗಳೂ ಉಂಟು. ಹಸಿ ತುಳಸಿಯಂಥ ಎಲೆಯ ಚಟ್ನಿಯಾದ ‘ಪೆಸ್ತೊ’ದಲ್ಲಿ ಇದೇ ಗಟ್ಟಿ ಚೀಸ್ ಬೆರೆಯುತ್ತದೆ. ತಾಜಾ ಪಾಸ್ತಾದ ಕಣಕದಲ್ಲಿ ಮೊಟ್ಟೆ ಇರುವುದು ವಾಡಿಕೆ. ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸೀಸರ್ ಸಲಾಡಿನ ಸಾಸಿನಲ್ಲಿ ಆ್ಯಂಚೊವಿ ಎಂಬ ಸಣ್ಣ ಮೀನು ಸೇರಿರಬಹುದು. ‘ರಿಸೊಟ್ಟೊ’ ಎಂಬ ಅನ್ನಕ್ಕೆ ದ್ರಾಕ್ಷಾರಸದ ಮದ್ಯ ಹಾಕುವುದು ಅಲ್ಲಿನ ಪದ್ಧತಿ. ಅದರ ಸಾರು ಮಾಂಸದ್ದೋ ತರಕಾರಿಯದೋ ಎಂಬುದನ್ನೂ ವಿಚಾರಿಸಬೇಕು. ‘ತಿರಮಿಸು’ ಎಂಬ ಸಿಹಿಯಲ್ಲಿ ಮೊಟ್ಟೆಯೂ ಬಹಳ ಸಲ ಮದ್ಯವೂ ಇರುತ್ತವೆ. ‘ಪನ್ನಾ ಕೊತ್ತಾ’ ಗಟ್ಟಿಯಾಗುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್‌ನಿಂದ. ನಮ್ಮಲ್ಲಿ ಅನೇಕ ಅಂಗಡಿಗಳು ಇವುಗಳನ್ನು ಬಿಟ್ಟು ಶುದ್ಧ ಸಸ್ಯಾಹಾರಿಯಾಗಿ ಮಾಡುತ್ತವೆ. ಆದರೂ ಕೇಳಿ ತಿಳಿಯುವುದೇ ಸರಿ.

2020ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಕೇಂದ್ರ ಪರವಾನಗಿ ಹೊಂದಿದ ಅಥವಾ ಹತ್ತು ಇಲ್ಲವೇ ಹೆಚ್ಚು ಶಾಖೆಗಳಿರುವ ಊಟದ ಮನೆಗಳು ತಿನಿಸಿನ ಪಟ್ಟಿಯಲ್ಲಿ ಕ್ಯಾಲೊರಿಯನ್ನು ನಮೂದಿಸಬೇಕು. ಬೀದಿಯ ಮೂಲೆಯ ಚಿಕ್ಕ ಅಂಗಡಿಗೆ ಈ ಕಟ್ಟಳೆಯಿಲ್ಲ. ಆದರೆ ಅಲ್ಲಿ ಅಡುಗೆಯವನು ನಾಲ್ಕು ಹೆಜ್ಜೆ ದೂರದಲ್ಲಿಯೇ ಇರುತ್ತಾನೆ. ವಿನಯದಿಂದ ಕೇಳಿದರೆ ಆತ ಹೇಳುತ್ತಾನೆ. ಉಪ್ಪು ಕಡಿಮೆ ಮಾಡು, ಚೀಸ್ ಅರ್ಧ ಹಾಕು, ತರಕಾರಿ ಹೆಚ್ಚಿಸು ಎಂದರೆ ಮಾಡಿಯೂ ಕೊಡುತ್ತಾನೆ. ನೆರೆಹೊರೆಯ ಅಂಗಡಿಯ ದೊಡ್ಡ ಅನುಕೂಲವೇ ಇದು.

ವಿಶೇಷ ಎಚ್ಚರ ಬೇಕಾದವರು

ಸೀಲಿಯಾಕ್ ರೋಗವಿರುವವರಿಗೆ ಗೋಧಿಯ ಗ್ಲುಟೆನ್ ಕರುಳನ್ನು ಕೆಡಿಸುತ್ತದೆ. ಮೈದಾ, ಬನ್ಸಿ, ಜವೆ ಗೋಧಿ ಮೂರೂ ಅವರಿಗೆ ವರ್ಜ್ಯ. ಜವೆ ಗೋಧಿ ಪ್ರಾಚೀನವಾದ್ದರಿಂದ ನಿರಪಾಯಕಾರಿ ಎಂಬ ಮಾತನ್ನು ನಂಬಬಾರದು. ಗ್ಲುಟೆನ್ ಇಲ್ಲದ ಪಾಸ್ತಾವನ್ನು ಕೊಟ್ಟರೂ, ಅದೇ ನೀರಿನಲ್ಲಿ ಗೋಧಿಯ ಪಾಸ್ತಾ ಬೆಂದಿದ್ದರೆ ತೊಂದರೆ ತಪ್ಪದು. ಬೇರೆ ಗಿರಣಿಯಲ್ಲಿ ಬೀಸಿದ ಜೋಳ, ಅಕ್ಕಿ, ರಾಗಿ, ಗೋವಿನಜೋಳಗಳು ಇವರ ಮಿತ್ರರು.

ಮಧುಮೇಹಿಗಳು ಮೊದಲು ಹಸಿ ತರಕಾರಿ, ಬಳಿಕ ಕಾಳು ಅಥವಾ ಪನೀರು, ಕೊನೆಗೆ ಪಾಸ್ತಾ ಅಥವಾ ಪಿಜ್ಜಾ ಎಂಬ ಕ್ರಮವನ್ನು ಹಿಡಿದರೆ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಒಂದು ಸಂಗತಿಯನ್ನು ಮರೆಯಬಾರದು: ಚೀಸಿನ ಕೊಬ್ಬಿನಿಂದಾಗಿ ಪಿಜ್ಜಾ ತಿಂದ ಹಲವು ತಾಸುಗಳ ಬಳಿಕವೂ ಸಕ್ಕರೆ ಏರುತ್ತಿರಬಹುದು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಸಂಸ್ಕರಿತ ಚೀಸಿನ ಸೋಡಿಯಂ, ಫಾಸ್ಫೇಟುಗಳೆರಡೂ ಅಹಿತ. ಕ್ಷಯರೋಗಕ್ಕೆ ಐಸೊನಿಯಾಜಿಡ್ ಮಾತ್ರೆ ಸೇವಿಸುತ್ತಿರುವವರು ಹಳತು ಮಾಡಿದ ಚೀಸನ್ನು ತಿಂದರೆ ತಲೆನೋವು, ಮುಖ ಕೆಂಪಾಗುವಿಕೆ, ಎದೆಬಡಿತ ಕಾಣಿಸಬಹುದು. ವೈದ್ಯರನ್ನು ಕೇಳದೆ ತಿನ್ನಕೂಡದು. ಒಂದು ವರ್ಷದೊಳಗಿನ ಕೂಸುಗಳ ಬಾಯಿಗೆ ಇಂಥ ಉಪ್ಪಿನ ತಿನಿಸನ್ನು ಇಡಲೇಬಾರದು.

ಅಂಗಡಿಯಲ್ಲಿ ಆಯ್ಕೆ, ಮನೆಯಲ್ಲಿ ಅಡುಗೆ

ಖಾನಾವಳಿಯ ಅಳತೆಗೋಲನ್ನು ಹಿಡಿದು ಒಳಗೆ ಹೋಗುವವರು ಹೀಗೆ ಮಾಡಬಹುದು. ನಾಲ್ವರಿದ್ದರೆ ನಾಲ್ಕು ಪಿಜ್ಜಾ ಬೇಡ; ತೆಳುರೊಟ್ಟಿಯ ಎರಡು ಪಿಜ್ಜಾಗಳನ್ನು ತರಿಸಿ ಹಂಚಿಕೊಳ್ಳುವುದು, ಜೊತೆಗೆ ಒಂದು ದೊಡ್ಡ ತಟ್ಟೆ ಹಸಿ ತರಕಾರಿ. ಕಡಲೆ ಅಥವಾ ರಾಜ್ಮಾ ಹಾಕಿದ ಸೂಪು ಇದ್ದರೆ ಅದಕ್ಕೇ ಮೊದಲ ಮಣೆ. ಪಾಸ್ತಾದೊಂದಿಗೆ ಕಡಲೆ, ಪಾಸ್ತಾದೊಂದಿಗೆ ಅವರೆಯಂಥ ಕಾಳು ಎಂಬವು ಇಟಲಿಯ ಬಡವರ ಮನೆಗಳ ಹಳೆಯ ಖಾದ್ಯಗಳೇ. ಬೆಣ್ಣೆ ಸವರಿದ ಗಾರ್ಲಿಕ್ ಬ್ರೆಡ್ ಬೇಡ. ಮೈದಾದ ಮುಂದೆ ಮತ್ತೆ ಮೈದಾ ಏತಕ್ಕೆ? ರಾತ್ರಿ ಹತ್ತಕ್ಕೆ ಹೋಗುವ ಬದಲು ಸಂಜೆ ಏಳಕ್ಕೆ ಹೋಗಿ, ಉಂಡ ಮೇಲೆ ಸ್ವಲ್ಪ ನಡೆದರೆ ಜೀರ್ಣಕ್ಕೂ ಸಕ್ಕರೆಗೂ ಹಿತ. ತಿಂಗಳಿಗೊಮ್ಮೆ ಹೀಗೆ ಉಂಡರೆ ಅದು ಹಬ್ಬ. ವಾರಕ್ಕೆ ಮೂರು ಸಲವಾದರೆ ಅದೇ ಆಹಾರವಾಯಿತು, ದೇಹ ಅದರ ಲೆಕ್ಕ ಕೇಳುತ್ತದೆ.

ಮನೆಯಲ್ಲಿಯೂ ಮಕ್ಕಳ ಆಸೆಯನ್ನು ತೀರಿಸಬಹುದು. ನಾಲ್ಕು ಟೊಮೆಟೊ, ಮೂರು ಎಸಳು ಬೆಳ್ಳುಳ್ಳಿ, ಎರಡು ಚಮಚ ಶೇಂಗಾ ಎಣ್ಣೆ ಇವನ್ನು ಸಣ್ಣ ಉರಿಯಲ್ಲಿ ಗೊಜ್ಜಿನಂತೆ ಇಳಿಸಬೇಕು. ತುಸು ಬ್ಯಾಡಗಿ ಮೆಣಸಿನಪುಡಿ ಬಣ್ಣಕ್ಕೂ ರುಚಿಗೂ ಸಾಕು. ಟೊಮೆಟೊ, ಮೆಣಸಿನಕಾಯಿಗಳೆರಡೂ ಅಮೆರಿಕ ಖಂಡದಿಂದ ಬಂದು ಇಟಲಿಗೂ ನಮಗೂ ಸಮಾನವಾಗಿ ದಕ್ಕಿದ ಬೆಳೆಗಳು. ಒರೆಗಾನೊದ ಬದಲು ಹಿತ್ತಲಿನ ದೊಡ್ಡಪತ್ರೆಯ ಒಂದೆರಡು ಎಲೆಗಳನ್ನು ಹೆಚ್ಚಿ ಹಾಕಿದರೆ ಪರಿಮಳ ಅದಕ್ಕೆ ಹತ್ತಿರವಾಗುತ್ತದೆ. ಇಟಲಿಯವರ ‘ಬಸೀಲಿಕೊ’ ನಮ್ಮ ಕಾಮಕಸ್ತೂರಿಯೇ. ಈ ಗೊಜ್ಜಿಗೆ ಬೇಯಿಸಿದ ಒಂದು ಬಟ್ಟಲು ಕಡಲೆಕಾಳು, ಹದವಾಗಿ ಬೆಂದ ಗೋಧಿ ಶಾವಿಗೆ ಅಥವಾ ಗಟ್ಟಿ ಗೋಧಿಯ ಪಾಸ್ತಾವನ್ನು ಬೆರೆಸಿದರೆ ಧಾನ್ಯ, ಕಾಳು, ತರಕಾರಿ ಮೂರೂ ಒಂದೇ ಪಾತ್ರೆಯಲ್ಲಿ ಸೇರುತ್ತವೆ. ಇದೇ ಗೊಜ್ಜನ್ನು ಗೋಧಿಯ ದಪ್ಪ ರೊಟ್ಟಿಯ ಮೇಲೆ ಸವರಿ, ಉಪ್ಪಿಲ್ಲದ ಮನೆಯ ಪನೀರನ್ನೂ ದೊಣ್ಣೆಮೆಣಸಿನಕಾಯಿಯನ್ನೂ ಹರಡಿ, ಹಂಚಿನ ಮೇಲೆ ಮುಚ್ಚಿ ಬೇಯಿಸಿದರೆ ಮಕ್ಕಳು ಅದನ್ನೂ ಪಿಜ್ಜಾ ಎಂದೇ ಕರೆಯುತ್ತಾರೆ.

ಕೊನೆಯದಾಗಿ, ಕಾಡಿನ ಸೀಮೆಯ ಓದುಗರಿಗೂ ಅಲ್ಲಿಗೆ ಬರುವವರಿಗೂ ಒಂದು ಮಾತು. ಪೇಟೆಯಿಂದ ಪೆಟ್ಟಿಗೆಯಲ್ಲಿ ಕಟ್ಟಿಸಿಕೊಂಡು ತಂದ ಪಿಜ್ಜಾದ ಉಳಿಕೆಯನ್ನು ಕುಳಗಿಯ ರಸ್ತೆಬದಿಯ ಮಂಗಗಳಿಗೆ ಎಸೆಯುವುದು ದಯೆಯಲ್ಲ. ಉಪ್ಪು, ಚೀಸ್, ಮೈದಾ ನಮಗೇ ಹಿತವಲ್ಲದಿರುವಾಗ ಎಲೆ–ಹಣ್ಣು ತಿನ್ನುವ ಪ್ರಾಣಿಗೆ ಹೇಗೆ ಹಿತವಾದೀತು? ಮನುಷ್ಯರ ಅನ್ನಕ್ಕೆ ಒಗ್ಗಿದ ಮಂಗ ರಸ್ತ��ಗಿಳಿದು ವಾಹನಕ್ಕೆ ಸಿಲುಕುತ್ತದೆ, ಕೈಯಿಂದ ಕಸಿಯಲು ಹೋಗಿ ಕಚ್ಚುತ್ತದೆ. ತಟ್ಟೆಯಲ್ಲಿ ಉಳಿಸದಂತೆ ತರಿಸಿಕೊಳ್ಳುವುದು, ತಂದದ್ದನ್ನು ಹಂಚಿಕೊಂಡು ಮುಗಿಸುವುದು, ಖಾಲಿ ಪೆಟ್ಟಿಗೆಯನ್ನು ಊರಿಗೇ ಹಿಂದೆ ಒಯ್ಯುವುದು ಇವು ಅನ್ನವನ್ನು ಪ್ರಸಾದವೆಂದು ಕಾಣುವವರಿಗೆ ಹೊಸ ಪಾಠಗಳೇನೂ ಅಲ್ಲ.

ಊಟ ಯಾವ ನಾಡಿನದೇ ಆಗಲಿ, ಅದರ ಮುಂದೆ ಕುಳಿತಾಗ ನಾವು ಕೇಳಿಕೊಳ್ಳಬೇಕಾದ್ದು ಇಷ್ಟೇ: ಇದರಲ್ಲಿ ಕಾಳು ಎಲ್ಲಿದೆ, ಸೊಪ್ಪು–ತರಕಾರಿ ಎಲ್ಲಿದೆ, ಧಾನ್ಯ ಎಷ್ಟಿದೆ, ಉಪ್ಪು ಎಷ್ಟಿದೆ, ಇದು ಎಲ್ಲಿಂದ ಬಂತು? ಈ ಐದು ಪ್ರಶ್ನೆಗಳನ್ನು ಮಕ್ಕಳಿಗೆ ಕಲಿಸಿಕೊಟ್ಟರೆ ಅವರು ಹುಬ್ಬಳ್ಳಿಯಲ್ಲಿ ಕುಳಿತರೂ, ನಾಳೆ ನೇಪಲ್ಸಿನಲ್ಲಿ ಕುಳಿತರೂ ತಮ್ಮ ಆರೋಗ್ಯವನ್ನು ತಾವೇ ಕಾಯ್ದುಕೊಳ್ಳಬಲ್ಲರು.